ಚಪ್ಪರದ ಕೆಳಗಿನ ಕಸ

ಅಮ್ಮನ ಅವರೆಕಾಯಿ ತಳಿ ಉಳಿದಿದ್ದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿತ್ತಲಲ್ಲಿ, ಅಕ್ಕನ ಚಪ್ಪರದ ಮೇಲೆ ಮಾತ್ರ. ಕಾಳಿನ ಬೆನ್ನಿಗೆ ನೇರಳೆ ಗೆರೆಯಿರುವ ಆ ತಳಿಯನ್ನು ಅಮ್ಮ ಪ್ರತಿವರ್ಷ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು ಕಾಪಾಡುತ್ತಿದ್ದರು. ಅವರು ತೀರಿಕೊಂಡ ವರ್ಷ ಗಡಿಗೆಗೆ ಹುಳು ಬಿತ್ತು. ಆರಿಸಿ ಉಳಿದ ಕಾಳುಗಳನ್ನೆಲ್ಲ ಅಕ್ಕ ಮಳೆಗಾಲದ ಕೊನೆಯಲ್ಲಿ ಬಿತ್ತಿಬಿಟ್ಟಳು. ಈ ಚಪ್ಪರದಲ್ಲಿ ಕಾಯಿ ಬಲಿಯದಿದ್ದರೆ ಆ ತಳಿ ಅಲ್ಲಿಗೇ ಮುಗಿದಂತೆ.

ಕಾಯಿ ಕಟ್ಟುವ ಹೊತ್ತಿಗೆ ಹಸಿರು ತಿಗಣೆ ಬಂತು. ಅದು ಎಲೆ ತಿನ್ನುವುದಿಲ್ಲ. ಎಳೆಗಾಯಿಗೆ ಮೂತಿ ಚುಚ್ಚಿ ಒಳಗಿನ ಕಾಳಿನ ರಸ ಹೀರುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕಾಳು ಸುಕ್ಕುಗಟ್ಟಿರುತ್ತದೆ. ನಾನು ಭಾನುವಾರ ಶಿವಮೊಗ್ಗದಿಂದ ಹೋದಾಗ ಪಕ್ಕದ ಮನೆಯಾಕೆ ಕಾಂಪೌಂಡ್ ಗೋಡೆಯ ಮೇಲೆ ಔಷಧದ ಬಾಟಲಿ ಇಟ್ಟುಕೊಂಡು ನಿಂತಿದ್ದರು.

“ಒಂದೇ ಒಂದು ಸಲ ಹೊಡೀರಿ ಅಕ್ಕಾ, ಎಲ್ಲಾ ಕ್ಲೀನ್. ನಿಮ್ಮ ತಮ್ಮ ಭಾಷಣ ಮಾಡಿದ್ರೆ ಹುಳ ಕೇಳುತ್ತಾ?”

ಅಕ್ಕ ನನ್ನತ್ತ ತಿರುಗಿದಳು. “ಕೇಳಿಸ್ತೇನೋ? ಬಸ್ಸು ಮಾಚೇನಹಳ್ಳಿ ದಾಟೋವಾಗ್ಲೇ ಗಂಟಲು ಸರಿ ಮಾಡ್ಕೊಂಡು ಬಂದಿರ್ತೀಯ. ಹೇಳು ಮಾರಾಯ, ಏನ್ ಮಾಡ್ಲಿ?”

ವಿಷವಿಲ್ಲದ ತರಕಾರಿಗಾಗಿ ಊರೂರು ತಿರುಗಿ ಮಾತನಾಡುವವನು ನಾನು. ಉತ್ತರ ಹುಡುಕುತ್ತ ಒಂದು ತಿಗಣೆಯನ್ನು ಹಿಡಿದು ನೋಡಿದರೆ ಅದರ ಹೆಗಲ ಮೇಲೊಂದು ಬಿಳಿ ಚುಕ್ಕೆಯಿತ್ತು. ಫೋಟೊ ತೆಗೆದು, ಕೃಷಿ ಪಾಠ ಹೇಳುವ ಗೆಳೆಯನಿಗೆ ಕಳಿಸಿದೆ. ಅದೊಂದು ನೊಣದ ಮೊಟ್ಟೆ ಎಂದ. ಮೊಟ್ಟೆಯೊಡೆದ ಮರಿಹುಳು ತಿಗಣೆಯ ಒಳಹೊಕ್ಕು, ಅದನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಬಲಿತ ಮೇಲೆ ಹೊರಬಂದು ಮಣ್ಣಿಗಿಳಿದು ಕೋಶವಾಗುತ್ತದೆ. ಆ ಕೋಶದಿಂದ ಹೊಸ ನೊಣ ಏಳುತ್ತದೆ. ಔಷಧ ಹೊಡೆದರೆ ತಿಗಣೆಯೊಂದಿಗೆ ನೊಣವೂ ಸಾಯುತ್ತದೆ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಿಂತಂತೆಯೇ ಅಕ್ಕನೆದುರು ನಿಂತು ವಾದಿಸಿದೆ. ಶತ್ರುವಿನ ಒಡಲಲ್ಲೇ ನಮ್ಮ ಸೈನ್ಯ ಬೆಳೆಯುತ್ತಿದೆ ಎಂದೆ.

“ಚಪ್ಪಾಳೆ ಆಮೇಲೆ ತಟ್ತೀನಿ,” ಎಂದಳು ಅಕ್ಕ. “ಸಂಕ್ರಾಂತಿವರೆಗೂ ಕಾಯ್ತೀನಿ. ಬೀಜ ಹೋದ್ರೆ ಮಾತ್ರ ನಿನ್ನ ಮುಖ ನೋಡಲ್ಲ.”

ಚುಕ್ಕೆಯಿಲ್ಲದ ತಿಗಣೆಗಳನ್ನು ಸೋಪಿನ ನೀರಿಗೆ ಹಾಕಿದೆವು, ಚುಕ್ಕೆಯಿದ್ದವನ್ನು ಬಳ್ಳಿಯಲ್ಲೇ ಬಿಟ್ಟೆವು. ಆದರೆ ಒಳಗೆ ಹುಳು ಹೊತ್ತ ತಿಗಣೆಯೂ ಸಾಯುವ ಹೊತ್ತಿನವರೆಗೆ ಕಾಯಿಯನ್ನು ಹೀರುವುದನ್ನು ಬಿಡಲಿಲ್ಲ. ತಾನು ಸತ್ತಂತೆಯೇ ಎಂಬುದು ಅದಕ್ಕೆ ತಿಳಿದಿರಲಿಲ್ಲ. ಪ್ರತಿ ವಾರ ನಾನು ಬಸ್ಸಿಳಿದು ನೇರ ಹಿತ್ತಲಿಗೆ ಓಡುತ್ತಿದ್ದೆ. ಟೊಳ್ಳಾದ ತಿಗಣೆಗಳು ಚಪ್ಪರದಡಿ ಬಿದ್ದಿರುತ್ತಿದ್ದವು, ನಿಜ. ನೊಣ ಮಾತ್ರ ಕಾಣಲಿಲ್ಲ. ಹೊಸದಾಗಿ ಬಂದ ತಿಗಣೆಗಳ ಹೆಗಲು ಬರಿದಾಗಿಯೇ ಇರುತ್ತಿತ್ತು. ಸೈನ್ಯ ಎಲ್ಲಿ ಹೋಯಿತೆಂದು ಗೆಳೆಯನಿಗೂ ಹೇಳಲಾಗಲಿಲ್ಲ.

ಒಮ್ಮೆ ಶನಿವಾರವೇ ಹೋಗಿ ಉಳಿದೆ. ಬೆಳಿಗ್ಗೆ ಎದ್ದಾಗ ಅಕ್ಕ ಚಪ್ಪರದಡಿ ಗುಡಿಸುತ್ತಿದ್ದಳು. ಒಣಗಿದೆಲೆ, ಮೇಲ್ಮಣ್ಣು ಎಲ್ಲವನ್ನೂ ಬುಟ್ಟಿಗೆ ತುಂಬಿ, ಸ್ನಾನದ ಹಂಡೆಯ ಒಲೆಗೆ ಸುರಿದಳು. ಕಸ ಒಲೆಗೆ ಹಾಕಿ, ನೆಲ ಸಗಣಿ ನೀರಿನಿಂದ ಸಾರಿಸಿ, ಆಮೇಲೆ ಸ್ನಾನ: ಅಮ್ಮ ನಮ್ಮ ಮನೆಗೆ ಹಾಕಿಕೊಟ್ಟ ಕ್ರಮ ಅದು. ಬುಟ್ಟಿಯ ತಳದಲ್ಲಿ ಉಳಿದ ಮಣ್ಣನ್ನು ಕೆದಕಿದೆ. ಕೆಂಪಕ್ಕಿಯಂಥ ಕಂದು ಕೋಶಗಳು ಕೈಗೆ ಸಿಕ್ಕವು.

“ಏನೋ ಅದು?”

“ನೊಣ ಅಕ್ಕಾ. ನಮ್ಮ ನೊಣ.”

ಅವಳು ಕೋಶಗಳನ್ನು ನೋಡಿದಳು, ಆಮೇಲೆ ಒಲೆಯನ್ನು. “ದಿನಾ ಹಾಕಿದ್ದೀನಲ್ಲೋ,” ಎಂದಳು. ಹಂಡೆಯ ನೀರು ಕುದಿಯುತ್ತಿತ್ತು. ಆ ದಿನ ಅವಳು ಸ್ನಾನ ಮಾಡಿದ್ದು ತಣ್ಣೀರಿನಲ್ಲಿ.

ಕೈಯಲ್ಲಿದ್ದ ಕೋಶಗಳನ್ನು ಮತ್ತೆ ಮಣ್ಣಿಗೆ ಸೇರಿಸಿದೆವು. ಅಂದಿನಿಂದ ಚಪ್ಪರದಡಿ ಪೊರಕೆ ಆಡಲಿಲ್ಲ. ಸಂಕ್ರಾಂತಿಯ ಮುಂಜಾನೆ ಮುಂಬಾಗಿಲಿಗೆ ರಂಗೋಲಿಯಿತ್ತು, ಹಿತ್ತಲಲ್ಲಿ ಕಸ.

“ಹಬ್ಬದ ದಿನ ಹೀಗಾ? ತಮ್ಮ ಹೇಳಿಕೊಟ್ಟಿರೋ ಹೊಸ ಶಾಸ್ತ್ರನಾ?” ಎಂದು ಪಕ್ಕದಾಕೆ ನಕ್ಕರು. ಅಕ್ಕ ಒಣಗಿದ ಕಾಯಿಗಳನ್ನು ಬಿಡಿಸಿ, ಕಾಳುಗಳನ್ನು ನೀರಿಗೆ ಹಾಕಿ ನೋಡುತ್ತಿದ್ದಳು. ಗಟ್ಟಿ ಕಾಳು ಮುಳುಗಬೇಕು. ಎಲ್ಲವೂ ತೇಲಿದವು. ಕೈಯಿಂದ ಒತ್ತಿದಳು, ಕೈ ತೆಗೆದೊಡನೆ ಮತ್ತೆ ಮೇಲೆ ಬಂದವು.

ಬಳ್ಳಿಯ ತುದಿಯಲ್ಲಿ ತಡವಾಗಿ ಬಿಟ್ಟ ಒಂದು ಗೊಂಚಲು ಮಾತ್ರ ಇನ್ನೂ ಹಸಿರಾಗಿತ್ತು. ಅದರ ಮೇಲೊಂದು ತಿಗಣೆ ಕೂತಿತ್ತು, ಚುಕ್ಕೆಯಿಲ್ಲದ್ದು. ಅದರ ಸುತ್ತ, ನಾನು ಅಷ್ಟು ದಿನ ಹಂಬಲಿಸಿದ್ದ ನೊಣ ಸುಳಿಯುತ್ತಿತ್ತು: ಸಣ್ಣದು, ಹೊಟ್ಟೆ ಕಿತ್ತಳೆ ಬಣ್ಣದ್ದು.

“ಬಂತಲ್ಲೋ ನಿನ್ನ ಸೈನ್ಯ,” ಎಂದಳು ಅಕ್ಕ. ಅವಳ ಕೈ ಗೊಂಚಲಿನ ಹತ್ತಿರ ಹೋಗಿ ನಿಂತಿತ್ತು. “ತಿಗಣೆ ತೆಗೀಲಾ, ನೊಣಕ್ಕೆ ಬಿಡ್ಲಾ?”

ಎರಡು ಪಕ್ಷದ ವಾದವೂ ನನಗೆ ಬಾಯಿಪಾಠವಿತ್ತು. ಬಿಟ್ಟರೆ ನೊಣದ ಸಂತತಿ ಉಳಿಯುತ್ತದೆ, ಕೊನೆಯ ಕಾಳುಗಳು ಹೋಗುತ್ತವೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

“ತೆಗಿ.”

ಅಕ್ಕ ತಿಗಣೆಯನ್ನು ಚಿವುಟಿ ತೆಗೆದಳು. ನೊಣ ತಿಗಣೆಯಿಲ್ಲದ ಕಾಯಿಯ ಮೇಲೆ ಇಳಿದು, ಅತ್ತಿತ್ತ ನಡೆದು ಹುಡುಕಿತು. ಆಮೇಲೆ ಎದ್ದು ಗೋಡೆ ದಾಟಿ ಪಕ್ಕದ ಹಿತ್ತಲಿನತ್ತ ಹಾರಿತು. ಅಲ್ಲಿ ಬದನೆ ಗಿಡಗಳಿಗೆ ಹೊಡೆದ ಔಷಧದ ವಾಸನೆ ನಮ್ಮವರೆಗೂ ಬರುತ್ತಿತ್ತು.