ಅದುರಿದ ಎಡತೋಳು

ಇವತ್ತು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕಣ್ಣಿನ ಕೆಳರೆಪ್ಪೆ ಪಟಪಟನೆ ಹಾರಿತು. ಹೆಂಡತಿ ಗಿರಿಜೆಗೆ ಹೇಳಿದೆ. "ಬಲಗಣ್ಣೋ, ಎಡಗಣ್ಣೋ?" ಎಂದಳು. ಬಲಗಣ್ಣು ಎಂದೆ. "ಹಂಗಾರೆ ಒಳ್ಳೇದು ಬಿಡ್ರಿ" ಎಂದು ಒಳಗೆ ಹೋದಳು. ನಿಮ್ಮ ಮನೆಯಲ್ಲೂ ಈ ನಂಬಿಕೆ ಇರಬಹುದು: ಗಂಡಸಿಗೆ ಬಲ, ಹೆಂಗಸಿಗೆ ಎಡ. ಆದರೆ ಎಡತೋಳು ಹಾರಿದರೆ ಏನು ಗತಿ ಎಂದು ಯಾರನ್ನೂ ಕೇಳಲಾರದೆ ನಾನು ಒಳಗೊಳಗೇ ಬೆಂದ ಕಾಲವೊಂದಿತ್ತು.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಸೊರಬದಲ್ಲಿ ಮೇಷ್ಟ್ರು. ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಬಾಣಂತಿ ಗಿರಿಜೆ ಶಿಕಾರಿಪುರದ ತವರಿನಲ್ಲಿದ್ದಳು. ನಾನು ಶನಿವಾರದ ಬಸ್ಸು ಹಿಡಿದು ಹೋಗಿ ಭಾನುವಾರ ಮರಳುತ್ತಿದ್ದೆ. ಉಳಿದ ದಿನ ಒಬ್ಬನೇ. ಯಾವುದೋ ಪರೀಕ್ಷೆ ಕಟ್ಟಿದ್ದೆ. ಓದುವುದಕ್ಕಿಂತ ಓದಲಿಕ್ಕೆಂದು ಕಾಫಿ ಕಾಯಿಸುವುದೇ ಹೆಚ್ಚಾಗಿತ್ತು. ಒಂದು ದಿನ ತರಗತಿಯಲ್ಲಿ ಪುಸ್ತಕ ಹಿಡಿದು ನಿಂತಿದ್ದಾಗ ಎಡತೋಳಿನ ಚರ್ಮದ ಕೆಳಗೆ ಏನೋ ಮಿಡುಕಿತು, ಬಟ್ಟೆಯಲ್ಲಿ ಸಿಕ್ಕ ಮೀನಮರಿಯ ಹಾಗೆ. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಕಾಲಿನ ಮೀನಖಂಡದಲ್ಲೂ.

ಕುಪ್ಪಗಡ್ಡೆಯ ನನ್ನ ಸೋದರಮಾವನ ತೋಳು ಹೀಗೇ ಅದುರುತ್ತಿತ್ತು. ಗೊಬ್ಬರದ ಬುಟ್ಟಿಯನ್ನು ಯಾರ ನೆರವೂ ಇಲ್ಲದೆ ತಲೆಗೇರಿಸುತ್ತಿದ್ದ ಮನುಷ್ಯ ಎರಡು ವರ್ಷದಲ್ಲಿ ಕೈಕಾಲು ಸೊರಗಿ, ಅತ್ತೆ ಉಣಿಸಿದರೆ ಉಣ್ಣುವಂತಾಗಿ, ತೀರಿಕೊಂಡಿದ್ದ. ಆದ್ದರಿಂದ ನನ್ನ ರೋಗವನ್ನು ನಾನೇ ಪತ್ತೆ ಮಾಡಿ, ಎರಡು ವರ್ಷದ ಗಡುವನ್ನೂ ನಾನೇ ಕೊಟ್ಟುಕೊಂಡೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟೆ.

ಶಿಕಾರಿಪುರದಲ್ಲಿ ಗಿರಿಜೆಯ ತಾಯಿ ಮಗುವನ್ನು ಚಾಚಿದರೆ, "ಧೂಳಲ್ಲಿ ಬಂದಿದೀನಿ", "ಮಲಗಿದ್ರೆ ಮಲಗ್ಲಿ ಬಿಡ್ರಿ" ಎಂದು ಹಿಂದೆ ಸರಿಯುತ್ತಿದ್ದೆ. ಕೈಜಾರಿ ಬಿದ್ದುಬಿಟ್ಟರೆ ಎಂಬ ಭಯ. ನಾಲ್ಕು ವಾರ ಹೀಗೇ ಹೋಯಿತು. ಐದನೆಯ ಭಾನುವಾರ ಗಿರಿಜೆ ಮಗುವಿಗೆ ಅಂಗಿ ತೊಡಿಸುತ್ತ, ನನ್ನ ಮುಖ ನೋಡದೆ ಕೇಳಿದಳು:

"ಹೆಣ್ಣು ಹುಟ್ಟೈತಂತ ಬ್ಯಾಸ್ರ ಏನ್ರಿ ನಿಮ್ಗೆ?"

ಅಂಗಿ ಬಿಚ್ಚಿ ತೋಳು ತೋರಿಸಿದೆ, ಸೋದರಮಾವನ ಕಥೆ ಹೇಳಿದೆ. ಅವಳು ಅದುರುವ ಜಾಗದ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, "ನಡೀರಿ, ಡಾಕ್ಟ್ರ ಹತ್ರ" ಎಂದಳು.

ಡಾಕ್ಟರು ಮನೆಯಲ್ಲೇ ಸಿಕ್ಕರು. ಸೋದರಮಾವನ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಗಿರಿಜೆಯೇ ಹೇಳಿದಳು. ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾಲಿಗೆ ಚಾಚಿಸಿದರು, ಕತ್ತು ಮುಟ್ಟಿದರು. ತಮ್ಮ ಕೈಯನ್ನು ಬಲವಾಗಿ ತಳ್ಳಲು ಹೇಳಿದರು. ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಹಿಮ್ಮಡಿಯ ಮೇಲೆ ನಡೆಸಿ, ಟೇಪಿನಲ್ಲಿ ಎರಡೂ ತೋಳು ಅಳೆದರು. ಏನಾದರೂ ಔಷಧ ತಗೊಳ್ತೀರಾ, ನಿದ್ದೆ ಎಷ್ಟು, ಕಾಫಿ ಎಷ್ಟು ಎಂದು ಕೇಳಿದರು.

"ಎಂಟು ಲೋಟ ಆಗಬಹುದು."

ಡಾಕ್ಟರು ಗಿರಿಜೆಯನ್ನು ನೋಡಿದರು. ಗಿರಿಜೆ ನನ್ನನ್ನು ನೋಡಿದಳು.

"ನಿಮ್ಮ ಮಾವಂಗೆ ಮೊದ್ಲು ಏನಾಯ್ತು ಮೇಷ್ಟ್ರೇ? ಅದುರಿದ್ದಾ?"

ನೆನಪು ಮಾಡಿಕೊಂಡೆ. ಅಲ್ಲ. ಮೊದಲು ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದೆ ಹೋಗಿದ್ದವು. ಕುಡುಗೋಲು ಕೈತಪ್ಪಿ ಬೀಳುತ್ತಿತ್ತು.

"ಅದೇ ನೋಡ್ರಿ. ಶಕ್ತಿ ಹೋಗಿ, ಮಾಂಸ ಕರಗಿ, ಅದುರೋಕೂ ಹತ್ತಿದ್ರೆ ನಾನೂ ಹೆದರ್ತೀನಿ. ನಿಮ್ಮ ಕೈಲಿ ಶಕ್ತಿ ಐತಿ. ನಿದ್ದೆಗೆಟ್ಟಿದ್ದು, ಕಾಫಿ ಕುಡ್ದಿದ್ದು, ಮೇಲೆ ಹೆದರಿಕೆ ಬೇರೆ. ಹೆದರಿದಷ್ಟೂ ಹಾರ್ತೈತಿ. ಆದ್ರೂ ಇವತ್ತೇ ಖಾತ್ರಿ ಅನ್ನಲ್ಲ. ತಿಂಗಳಿಗೊಂದ್ಸಲ ಅಳತೆ ನೋಡಾಣ. ಇಳಿದ್ರೆ ದೊಡ್ಡಾಸ್ಪತ್ರೆಗೆ ಬರ್ದು ಕೊಡ್ತೀನಿ." ಆಮೇಲೆ ಗಿರಿಜೆಯ ಕಡೆ ತಿರುಗಿ, "ಮಗೂನ ಅವರ ಕೈಗೆ ಕೊಡಮ್ಮ" ಎಂದರು.

ಕೊಟ್ಟಳು. ಹಾಲಿನ, ಬಜೆಯ, ಸಾಂಬ್ರಾಣಿ ಹೊಗೆಯ ವಾಸನೆ. ನನ್ನ ಮಗಳು ಇಷ್ಟು ಹಗುರ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ತೋಳು ಒಂದೆರಡು ಸಲ ಹಾರಿತು; ಅವಳಿಗೆ ಎಚ್ಚರವಾಗಲಿಲ್ಲ. ಮನೆಯವರೆಗೂ ನಾನೇ ಎತ್ತಿಕೊಂಡು ಬಂದೆ.

ತೋಳಿನ ಅಳತೆ ಇಳಿಯಲಿಲ್ಲ. ಕಾಫಿ ಎರಡು ಲೋಟಕ್ಕೆ ಇಳಿಯಿತು. ದೀಪಾವಳಿಯ ಹೊತ್ತಿಗೆ ಅದುರುವುದು ನಿಂತೇ ಹೋಯಿತು. ಪರೀಕ್ಷೆಯಲ್ಲಿ ಮಾತ್ರ ಫೇಲಾದೆ.

ಇವತ್ತು ಮಧ್ಯಾಹ್ನ ಮಗಳು ಬಂದಿದ್ದಳು. ಅವಳ ಕೂದಲೂ ಈಗ ನರೆತಿದೆ. ನಗಿಸಲಿಕ್ಕೆಂದೇ ಇದನ್ನೆಲ್ಲ ಹೇಳಿದೆ. ನಕ್ಕಳು. ನಕ್ಕು ಮುಗಿದ ಮೇಲೆ, "ಆ ನಾಲ್ಕು ವಾರ ಅವ್ವ ಹೆಂಗಿದ್ಲು ಅಪ್ಪಾಜಿ?" ಎಂದಳು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷವೂ ಆ ಕಥೆಯಲ್ಲಿ ಹೆದರಿದವನು ನಾನೊಬ್ಬನೇ ಎಂದುಕೊಂಡಿದ್ದೆ.

ಗಿರಿಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹೋಗಿ ಕೇಳಿದೆ. ಒಂದೇ ಸೀರೆಯನ್ನು ಬಹಳ ಹೊತ್ತು ಕೊಡವಿದಳು. ಆಮೇಲೆ, ಮೊದಲನೆಯ ಶನಿವಾರದಿಂದ ಹೇಳತೊಡಗಿದಳು.