ಬೆದರದ ಮಗು

ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಹುಟ್ಟುಕಿವುಡು ಯಾರ ತಪ್ಪೂ ಅಲ್ಲ, ಒಪ್ಪುತ್ತೇನೆ. ಆ ಮೂರು ವರ್ಷ ಹಾಳಾದದ್ದು ಮಾತ್ರ ನನ್ನ ಮಾವನವರ ತಪ್ಪು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡುತ್ತೇನೆ, ಯಾರೇನು ಮಾಡುತ್ತಾರೆ?

ನಾವು ಬಿಜಾಪುರದ ಕಡೆಯವರು. ಮಾವನವರು ಫೌಜಿನ ಕುದುರೆ ದಳದಲ್ಲಿ ರಿಸಾಲ್ದಾರರಾಗಿದ್ದವರು. ನಿವೃತ್ತರಾದ ಮೇಲೆ ಮೈಸೂರು ಕಡೆ ಹತ್ತು ವರ್ಷ ಪೊಲೀಸರ ಕುದುರೆಗಳನ್ನು ಪಳಗಿಸಿದರು. ಅತ್ತೆ ತೀರಿಕೊಂಡಾಗ, ಅರವತ್ತರ ದಶಕದ ಕೊನೆಗೆ, ಘಾಟ್ಕೋಪರ್‌ನ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಖೋಲಿಗೆ ಬಂದರು. ನನ್ನ ಗಂಡ ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇಡೀ ಚಾಳು ಮಾವನವರನ್ನು ರಿಸಾಲ್ದಾರ್ ಸಾಬ್ ಎಂದು ಕರೆಯಿತು. ನಲ್ಲಿಯ ಸಾಲಿನಲ್ಲಿ ಅವರು ಮುಖ ತೊಳೆಯಲು ಬಂದರೆ ಜನ ದಾರಿ ಬಿಡುತ್ತಿದ್ದರು. ಅವರಿಗಾಗಿಯೇ ಎರಡು ಬಕೆಟ್ ಹಿಡಿದು ನಿಂತ ನನಗೆ ಬಿಡುತ್ತಿರಲಿಲ್ಲ.

ಗಲಾಟೆಯ ನಡುವೆ ನಿಲ್ಲಬೇಕಾದ ಕುದುರೆಗೆ ಸದ್ದಿನ ಭಯ ಬಿಡಿಸುವುದು ಅವರ ಕಸುಬು. ಅದು ಹುರುಳಿ ತಿನ್ನುವ ಹೊತ್ತಿಗೇ ಪಕ್ಕದಲ್ಲಿ ಡಬ್ಬ ಬಡಿಯಬೇಕು, ಪಟಾಕಿ ಹಚ್ಚಬೇಕು. ಸದ್ದಾದರೆ ಊಟ ಬಂತು ಎಂದು ಅದಕ್ಕೆ ರೂಢಿಯಾಗಬೇಕು. ಮೊಮ್ಮಗನಿಗೆ ಆರು ತಿಂಗಳಾಗಿದ್ದೇ ತಡ, ಅವನಿಗೂ ಇದೇ ತಾಲೀಮು ಶುರುವಾಯಿತು. ನಾನು ಗಂಜಿ ತಿನ್ನಿಸುವಾಗ ಇವರು ಮಗುವಿನ ಬೆನ್ನ ಹಿಂದೆ ನಿಂತು ತಾಟು ಬಡಿಯುವುದು. ಚಮಚ ನನ್ನ ಕೈಜಾರುತ್ತಿತ್ತು. ಮಗು ರೆಪ್ಪೆಯನ್ನೂ ಬಡಿಯುತ್ತಿರಲಿಲ್ಲ.

"ನೋಡವಾ, ನೋಡು! ನೀ ಹಾರಿಬಿದ್ದಿ, ಅಂವ ಅಲುಗ್ಲಿಲ್ಲ. ಕುದುರಿಗೆ ಆರು ತಿಂಗಳು ಹಿಡೀತೈತಿ, ಇಂವಗ ಆರ ದಿನ!"

ಗಣಪತಿ ವಿಸರ್ಜನೆಯಲ್ಲಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಢೋಲು-ತಾಶೆಯವರ ನಡುವೆಯೇ ನಿಂತರು. ಉಳಿದ ಮಕ್ಕಳು ಕಿರುಚಿ ಅಳುತ್ತಿದ್ದರೆ ಇವನು ಬಾವುಟ ನೋಡಿಕೊಂಡು ನಗುತ್ತಿದ್ದ. "ಶೇರ್ ಕಾ ಬಚ್ಚಾ ಹೈ," ಎಂದಳು ಪಕ್ಕದ ಖೋಲಿಯ ಗುಜರಾತಿ ಹೆಂಗಸು. ಸುಳ್ಳೇಕೆ ಹೇಳಲಿ, ಸಿಂಹದ ಮರಿ ಎಂದದ್ದಕ್ಕೆ ನಾನೂ ಉಬ್ಬಿಹೋದೆ. ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ.

ಎರಡು ತುಂಬಿದರೂ ಹುಡುಗ ಅವ್ವಾ ಎನ್ನಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಆಸ್ಪತ್ರೆಗೆ ತೋರಿಸೋಣ ಎಂದೆ.

"ಗಂಡು ಹುಡುಗ್ರು ತಡಾ ಮಾತಾಡ್ತಾವ," ಎಂದರು ಮಾವನವರು. "ಡಾಕ್ಟರ್‌ಗೆ ಏನ್ ತೋರಸ್ತಿ? ಧೈರ್ಯಕ್ಕ ಔಷಧ ಕೊಡಸ್ತೀಯೇನು?"

ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಪ್ಪನೆದುರು ಅವರಿಗೆ ಬಾಯಿ ಇತ್ತೆಂದರೆ ಊಟಕ್ಕೆ ಮಾತ್ರ. ಇನ್ನೆರಡು ಸಲ ಕೇಳಿ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮಗನಿಗೆ ಮೂರು ತುಂಬುವ ಹೊತ್ತು. ಒಂದು ಸಂಜೆ ಗಲ್ಲಿಯಲ್ಲಿ ಮದುವೆ ಮೆರವಣಿಗೆ ಬಂತು. ವರ ಕೂತಿದ್ದ ಬಿಳಿ ಕುದುರೆ ನಮ್ಮ ಬಾಗಿಲೆದುರೇ ನಿಂತಿತು. ಬ್ಯಾಂಡಿನ ಅಬ್ಬರ, ಪಟಾಕಿ. ಕುದುರೆಯ ಕಾಲು ಕದಲಲಿಲ್ಲ. ಕಿವಿಗಳು ಮಾತ್ರ ಸದ್ದು ಬಂದ ಕಡೆಗೆಲ್ಲ ತಿರುಗುತ್ತಿದ್ದವು.

"ಮಾವಾರ, ಇದಕ್ಕೂ ತಾಲೀಮು ಆಗಿರತೈತಲ್ರಿ. ಮತ್ತ ಕಿವಿ ಯಾಕ ಹಂಗ ತಿರಗಸ್ತೈತಿ?"

"ಕೇಳಸ್ತೈತಲ್ಲವಾ ಅದಕ್ಕ. ಕಾಲು ನಿಂದ್ರೂದು ಕಲಸಬಹುದು. ಕಿವಿಗೆ ಯಾರೂ ಕಲಸಾಕ..."

ಮಾತು ಅಲ್ಲಿಗೇ ನಿಂತಿತು. ನನ್ನ ಸೊಂಟದ ಮೇಲಿದ್ದ ಮಗ ರಸ್ತೆಗೆ ಬೆನ್ನು ಮಾಡಿ ನನ್ನ ತಾಳಿಸರ ಎಳೆದಾಡುತ್ತಿದ್ದ. ಅವನ ಹಿಂದೆಯೇ ಒಂದು ಆಟಂಬಾಂಬು ಸಿಡಿಯಿತು. ಅವನ ಬೆರಳುಗಳ ಆಟ ನಿಲ್ಲಲಿಲ್ಲ. ಮಾವನವರ ಮುಖ ನೋಡಿದೆ. ಅಲ್ಲಿ ಆಶ್ಚರ್ಯ ಇರಲಿಲ್ಲ.

ಮರುದಿನ ಯಾರನ್ನೂ ಕೇಳದೆ ಮಗನನ್ನು ಎತ್ತಿಕೊಂಡು ಲೋಕಲ್ ಹತ್ತಿದೆ. ದೊಡ್ಡಾಸ್ಪತ್ರೆಯ ಡಾಕ್ಟರು ತಪಾಸಣೆ ಮಾಡಿ, ವರ್ಷ ತುಂಬುವ ಮೊದಲೇ ತಂದಿದ್ದರೆ ಕಿವಿಗೆ ಮಷೀನ್ ಹಾಕಿ ಅಷ್ಟಿಷ್ಟು ಮಾತು ಕಲಿಸಬಹುದಿತ್ತು, ಈಗ ಬಹಳ ಕಷ್ಟ ಎಂದರು. "ಇತನೇ ದಿನ್ ಆಪ್ ಲೋಗ್ ಕ್ಯಾ ಕರ್ ರಹೇ ಥೇ?" ಎಂದು ಗದರಿದರು. ಇಷ್ಟು ದಿನ ಏನು ಮಾಡುತ್ತಿದ್ದೆವೆಂದು ಹೇಳಲಿ? ತಾಟು ಬಡಿಯುತ್ತಿದ್ದೆವು ಎನ್ನಲೇ?

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಾವನವರನ್ನು ಕೇಳಿದೆ. "ಯಾವಾಗಿಂದ ಗೊತ್ತಿತ್ತು ನಿಮಗ?"

"ವರ್ಷದ ಮ್ಯಾಲಾತು."

"ಮತ್ತ ದಿನಾ ಬಡದ್ರಿ?"

"ಇವತ್ತರ ಕೇಳೀತೇನೋ ಅಂತ ಬಡೀತಿದ್ದೆ."

"ನನಗ ಯಾಕ ಹೇಳಲಿಲ್ಲ?"

ಅವರು ನೆಲ ನೋಡಿಕೊಂಡು ಹೇಳಿದರು: "ಸಾಹೇಬ್ರು ತಪಾಸಣಿಗೆ ಬಂದ್ರ ಕುದುರಿ ಐಬು ಮುಚ್ಚಿಡ್ತಿದ್ವಿ. ಐಬು ಕಂಡ್ರ ದಳದಿಂದ ತಗೀತಿದ್ರು. ತಗದ್ರ ಗೋಲಿ ಹೊಡದು ಕೊಲ್ತಿದ್ರು. ಎಷ್ಟೋ ಕುದುರಿ ಹಂಗ ಉಳಿಸೀನಿ, ಯವ್ವಾ."

"ನನ್ನ ಮಗ ಕುದುರಿ ಅಲ್ಲ. ಇಲ್ಲಿ ಅವಗ ಗೋಲಿ ಹೊಡ್ಯಾವ್ರು ಯಾರಿದ್ರು? ನಾನಾ?"

ಅದೂ ಪ್ರೀತಿಯೇ ಅಲ್ಲವೇ ಎಂದು ಗಂಡ ಆಮೇಲೆ ಮೆಲ್ಲಗೆ ಅಂದರು. ಸುಡಲಿ ಅಂಥ ಪ್ರೀತಿ!

ಅವತ್ತಿನಿಂದ ಆರು ವರ್ಷ ನಾನು ಅವರೊಡನೆ ಮಾತಾಡಲಿಲ್ಲ. ಬಡಿಸಿದೆ, ಬಟ್ಟೆ ಒಗೆದೆ, ಮೊಣಕಾಲು ನೋವಿಗೆ ಎಣ್ಣೆ ಕಾಯಿಸಿ ಇಟ್ಟೆ. ಮಗನೋ ಅವರನ್ನೇ ಹಚ್ಚಿಕೊಂಡ. ಭುಜ ತಟ್ಟಿ, ಬೆನ್ನು ಸವರಿ, ಕಣ್ಣಲ್ಲೇ ಹೇಳಿ ಅವರು ಅವನೊಡನೆ ದಿನವಿಡೀ ಮಾತಾಡುತ್ತಿದ್ದರು. ಆ ಭಾಷೆ ಅವರಿಗೆ ಕುದುರೆಗಳಿಂದ ಬಂದಿತ್ತು, ಹೆತ್ತ ನನಗೆ ಬಂದಿರಲಿಲ್ಲ. ಇಬ್ಬರೂ ಒಟ್ಟಿಗೆ ನಗುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಅವರು ಹಾಸಿಗೆ ಹಿಡಿದಾಗ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಹತ್ತಿರವಿದ್ದೆ. "ಯವ್ವಾ, ಒಂದ ಮಾತರ ಆಡು," ಎಂದರು. ಸ್ಪಷ್ಟವಾಗಿಯೇ ಕೇಳಿಸಿತು. ಕೇಳಿಸದವಳ ಹಾಗೆ ದಿಂಬು ಸರಿಮಾಡಿದೆ, ನೀರಿನ ಲೋಟ ಮುಚ್ಚಿದೆ, ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದ ಮಗನನ್ನು ಒಳಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಅವನು ಅಳುತ್ತಾ ಬಂದು ನನ್ನ ಸೆರಗು ಜಗ್ಗಿದ. ಅಜ್ಜನ ತುಟಿ ಬಹಳ ಹೊತ್ತು ಅಲ್ಲಾಡಿ ನಿಂತಿತು, ಎದೆಯೂ ನಿಂತಿತು ಎಂದು ತನ್ನ ತುಟಿ, ಎದೆ ಮುಟ್ಟಿ ತೋರಿಸಿದ. ಏನು ಹೇಳಿದರೆಂದು ಅವನು ನನ್ನನ್ನೇ ಕೇಳುತ್ತಿದ್ದ.