ಯುನೂಸನ ಲೆಕ್ಕ

ಬಾಗಲಕೋಟೆಯ ಆ ಕಾರು ಷೋರೂಮಿಗೆ ಬಂದವರು ಮೊದಲು ಬೆಲೆ ಕೇಳುತ್ತಿರಲಿಲ್ಲ. "ಕಂಪನಿ ಲೆಕ್ಕ ಇರ್ಲಿ, ಯುನೂಸನ ಲೆಕ್ಕ ಎಷ್ಟು?" ಎನ್ನುತ್ತಿದ್ದರು. ಹೊಸ ಮಾದರಿ ಬಂದರೆ ಅಲ್ಲಿನ ಸೇಲ್ಸ್‌ಮನ್ ಯುನೂಸ ಅದರಲ್ಲಿ ಜನರನ್ನು ತುಂಬಿಕೊಂಡು, ಎಸಿ ಹಾಕಿ, ಬಾದಾಮಿ ದಾಟಿ ಪಟ್ಟದಕಲ್ಲಿನವರೆಗೆ ಓಡಿಸಿ ಬರುತ್ತಿದ್ದ. ಲೀಟರಿಗೆ ಎಷ್ಟು ಓಡಿತೋ ಅಷ್ಟೇ ಹೇಳುತ್ತಿದ್ದ. ಕಂಪನಿಯವರು ಪರೀಕ್ಷೆಯ ಕೋಣೆಯಲ್ಲಿ ತೆಗೆದ ಅಂಕಿಗಿಂತ ಅದು ಯಾವಾಗಲೂ ಕಡಿಮೆ. ಆದರೂ ಜನ ಅವನ ಹತ್ತಿರವೇ ಕೊಳ್ಳುತ್ತಿದ್ದರು.

"ನಿನ್ನ ಬಾಯಾಗ ಬಿದ್ದು ನಮ್ಮ ಗಾಡಿ ಎತ್ತಿನ ಬಂಡಿ ಆಗೇತಿ ನೋಡು" ಎಂದು ಜೊತೆಯ ಸೇಲ್ಸ್‌ಮನ್ ಅಮರೇಶ ಕಾಡುತ್ತಿದ್ದ.

"ಎತ್ತಿನ ಬಂಡಿ ಅರ್ಧ ದಾರ್ಯಾಗ ಕೈ ಕೊಡಂಗಿಲ್ಲಲೇ" ಎನ್ನುತ್ತಿದ್ದ ಯುನೂಸ.

ಒಂದು ವರ್ಷ ಮಾರ್ಚಿನಲ್ಲಿ ಮ್ಯಾನೇಜರ್ ಶೀಲಾ ಎಲ್ಲರನ್ನೂ ಕೂಡಿಸಿ ಹೇಳಿದಳು: "ಸರಕಾರ ಒಂದೊಂದು ಗಾಡಿ ನೋಡಂಗಿಲ್ಲ. ಕಂಪನಿ ವರ್ಷಪೂರ್ತಿ ಮಾರಿದ ಎಲ್ಲಾ ಗಾಡಿಗಳ ಎಣ್ಣಿ ಖರ್ಚಿನ ಸರಾಸರಿ ನೋಡ್ತೈತಿ. ನಾವು ದೊಡ್ಡ ಡೀಸೆಲ್ ಗಾಡಿ ಭಾಳ ಮಾರೇವಿ, ಸರಾಸರಿ ಕೆಟ್ಟೈತಿ. ಬ್ಯಾಟರಿ ಕಾರು ಒಂದು ಮಾರಿದ್ರ ಆ ಲೆಕ್ಕದಾಗ ಮೂರು ಅಂತ ಹಿಡೀತಾರ. ಇಲ್ಲಂದ್ರ ಕಂಪನಿಗೆ ದಂಡ. ಈ ತಿಂಗಳು ಅಂಗಳದಾಗ ಒಂದೂ ಬ್ಯಾಟರಿ ಕಾರು ಉಳೀಬಾರದು."

ಮರುದಿನವೇ ಬೇವೂರಿನ ಶಂಕ್ರಪ್ಪ ಬಂದ. ಅವನ ಹಿಂದಿನ ಕಾರನ್ನೂ ಯುನೂಸನೇ ಕೊಡಿಸಿದ್ದ. ಹೆಂಡತಿ ಇಂದ್ರಾಬಾಯಿಯ ಕಣ್ಣಿಗಾಗಿ ಹುಬ್ಬಳ್ಳಿಯ ದವಾಖಾನೆಗೆ ಮೇಲಿಂದ ಮೇಲೆ ಹೋಗಬೇಕಿತ್ತು.

"ಹೋಗಿ ಬರೋತನಾ ನಡುವ ಎಲ್ಲೂ ನಿಲ್ಲಬಾರದು ನೋಡಪಾ."

"ಒಮ್ಮೆ ಚಾರ್ಜ್ ಮಾಡಿದ್ರ ಮುನ್ನೂರು ಕಿಲೋಮೀಟರ್ ರಿ ಕಾಕಾ."

"ಇದು ಕಂಪನಿ ಲೆಕ್ಕಾನೋ, ನಿಂದೋ?"

ಆ ಬ್ಯಾಟರಿ ಕಾರನ್ನು ಯುನೂಸ ಅಂಗಳದಿಂದ ಆಚೆ ಓಡಿಸಿಯೇ ಇರಲಿಲ್ಲ. ಗಾಜಿನ ಕೋಣೆಯಿಂದ ಶೀಲಾ ನೋಡುತ್ತಿದ್ದಳು.

"ನಂದ ರಿ" ಎಂದ.

ಏಪ್ರಿಲ್‌ನ ಉರಿಬಿಸಿಲಲ್ಲಿ ಶಂಕ್ರಪ್ಪ ಕೊಂಡ ಆ ಕಾರು ಹುಬ್ಬಳ್ಳಿಯಿಂದ ಮರಳುವಾಗ ಕೆರೂರಿನ ಹತ್ತಿರ ಚಾರ್ಜ್ ಮುಗಿದು ನಿಂತುಬಿಟ್ಟಿತು. ಯುನೂಸ ಅಮರೇಶನನ್ನು ಕರೆದುಕೊಂಡು ಷೋರೂಮಿನ ಗಾಡಿಯಲ್ಲಿ ಓಡಿದ. ಆಪರೇಷನ್ ಆದ ಕಣ್ಣಿಗೆ ಪಟ್ಟಿ ಕಟ್ಟಿದ ಇಂದ್ರಾಬಾಯಿ ಬೇವಿನ ಗಿಡದ ಬುಡದಲ್ಲಿ, ಸೆರಗಿನಿಂದ ಧೂಳು ಮರೆ ಮಾಡಿಕೊಂಡು ಕುಳಿತಿದ್ದಳು. ಸುತ್ತ ಸೇರಿದವರು ನಗುತ್ತಿದ್ದರು.

"ಮುಂದ ಎರಡು ಎತ್ತು ಕಟ್ರಿ ಯಜಮಾನ್ರ!"

ಶಂಕ್ರಪ್ಪ ಅವರಿಗೆ ತಿರುಗಿ ಬಿದ್ದ. "ಗಾಡಿ ಕೆಟ್ಟಿರಬೇಕು. ಯುನೂಸ ಸುಳ್ಳು ಹೇಳಾಂವ ಅಲ್ಲ." ಆಮೇಲೆ ಯುನೂಸನ ಹೆಗಲ ಮೇಲೆ ಕೈ ಇಟ್ಟ. "ಕಂಪನಿಯವ್ರು ನಿನಗೂ ಮೋಸ ಮಾಡ್ಯಾರ ತಮ್ಮಾ."

ಆ ಕೈಯ ಭಾರ ಯುನೂಸನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಜನ ಚದುರಿದ ಮೇಲೆ ಹೇಳಿದ: "ಅದು ನನ್ನ ಲೆಕ್ಕ ಅಲ್ಲ ರಿ ಕಾಕಾ. ನಾ ಓಡಿಸೇ ನೋಡಿರಲಿಲ್ಲ."

ಶಂಕ್ರಪ್ಪ ಕೈ ತೆಗೆದ. ಇಂದ್ರಾಬಾಯಿ ಪಟ್ಟಿ ಕಟ್ಟಿದ ಮುಖವನ್ನು ಮಾತು ಬಂದ ಕಡೆ ತಿರುಗಿಸಿದಳು.

"ಊರಾಗ ಎಲ್ಲಾರಿಗೂ ಹೇಳಿಬಿಡ್ರಿ" ಎಂದ ಯುನೂಸ.

"ಹೇಳಿದ್ರ ನಿನ್ನ ಮನಸ್ಸು ಹಗುರ ಆಗ್ತೈತಿ" ಎಂದ ಶಂಕ್ರಪ್ಪ. "ನಾ ಹೇಳಂಗಿಲ್ಲ."

ಗಂಡ ಹೆಂಡತಿ ಅಮರೇಶನ ಜೊತೆ ಮುಂದಿನ ಗಾಡಿಯಲ್ಲಿ ಕುಳಿತರು. ಎಳೆದೊಯ್ಯುವ ಹಗ್ಗದ ಹಿಂದೆ, ಸತ್ತ ಕಾರಿನ ಸ್ಟೇರಿಂಗ್ ಹಿಡಿದು ಯುನೂಸ ಒಬ್ಬನೇ ಊರಿಗೆ ಬಂದ.

ಅಂದಿನಿಂದ ಅವನು ಯಾರಿಗೂ ತನ್ನ ಲೆಕ್ಕ ಹೇಳಲಿಲ್ಲ. ಕೇಳಿದರೆ ಕಂಪನಿಯ ಹಾಳೆ ಮುಂದಿಟ್ಟು, "ಓದ್ಕೊಳ್ರಿ" ಎನ್ನುತ್ತಿದ್ದ. ಬೇವೂರಿನವರು ಮಾತ್ರ ಬರುತ್ತಲೇ ಇದ್ದರು. ಶಂಕ್ರಪ್ಪ ನಿಜಕ್ಕೂ ಬಾಯಿ ಬಿಟ್ಟಿರಲಿಲ್ಲ. ಅವರು ಬಂದಾಗಲೆಲ್ಲ ಯುನೂಸ ಹಿಂದಿನ ವರ್ಕ್‌ಶಾಪಿಗೆ ಹೋಗಿ ನಿಲ್ಲುತ್ತಿದ್ದ.

ಹೋದ ತಿಂಗಳು ಎದೆನೋವು ಬಂದು ಅವನು ತೀರಿಕೊಂಡ. ವಯಸ್ಸೇನೂ ಆಗಿರಲಿಲ್ಲ. ಶಂಕ್ರಪ್ಪ ಕಬರಸ್ತಾನದವರೆಗೂ ಬಂದು, ಎಲ್ಲರಂತೆ ಮಣ್ಣು ಹಾಕಿದ.

"ಒಂದೂ ಸುಳ್ಳು ಲೆಕ್ಕ ಹೇಳಲಿಲ್ಲ ಪುಣ್ಯಾತ್ಮ" ಎಂದರು ಪಕ್ಕದಲ್ಲಿದ್ದವರು.

ಶಂಕ್ರಪ್ಪ ಅಮರೇಶನ ಮುಖ ನೋಡಿದ. ಕೆರೂರಿನ ರಸ್ತೆಯಲ್ಲಿ ಯುನೂಸ ಒಪ್ಪಿಕೊಂಡ ಮಾತು ಕೇಳಿದ್ದವರಲ್ಲಿ ಕಬರಸ್ತಾನದಲ್ಲಿ ಇದ್ದವರು ಇವರಿಬ್ಬರೇ.

"ಹೌದು" ಎಂದ ಶಂಕ್ರಪ್ಪ, ಮತ್ತೊಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತ.